ಕಲ್ಲಿದ್ದಲಿನ ಟನ್ನು, ದನದ ಟನ್ನು

2021ರಲ್ಲಿ ಆಫ್ರಿಕಾದ ಎರಡು ದೇಶಗಳು ವಿಶ್ವಸಂಸ್ಥೆಗೆ ತಮ್ಮ ಹವಾಮಾನದ ಲೆಕ್ಕ ಒಪ್ಪಿಸಿದವು. 2030ಕ್ಕೆ ನಮ್ಮ ಹಸಿರುಮನೆ ಅನಿಲಗಳನ್ನು 35ರಿಂದ 42 ಕೋಟಿ ಟನ್ನಿನೊಳಗೆ ಹಿಡಿದಿಡುತ್ತೇವೆ ಎಂದಿತು ದಕ್ಷಿಣ ಆಫ್ರಿಕಾ. ಸುಮ್ಮನೆ ಕೂತರೆ ನಮ್ಮದು ಅದೇ ವರ್ಷಕ್ಕೆ 40 ಕೋಟಿ ಟನ್ ಮುಟ್ಟುತ್ತದೆ ಎಂದಿತು ಇಥಿಯೋಪಿಯಾ. ಓದಿದವರಿಗೆ ಎರಡೂ ಒಂದೇ ತೂಕದವು ಅನ್ನಿಸಬೇಕು.

ಇಥಿಯೋಪಿಯಾದ ಗೊಂದರ್‌ನಲ್ಲಿ ಭೂಗೋಳ ಪಾಠ ಮಾಡುತ್ತಿದ್ದಾಗ ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರೆ ಹುಡುಗರು ನಗುತ್ತಿದ್ದರು. ನಗದೇ ಇನ್ನೇನು? ಅವರ ದೇಶದ ಕರೆಂಟು ಹೆಚ್ಚೂಕಡಿಮೆ ಪೂರಾ ನೀರಿನಿಂದ ಬರುವುದು, ಅದೂ ಅರ್ಧದಷ್ಟು ಜನರಿಗೆ. ಕಲ್ಲಿದ್ದಲು, ಎಣ್ಣೆ ಸುಟ್ಟು ಬರುವ ಇಂಗಾಲದ ಡೈಆಕ್ಸೈಡ್ ಒಂದನ್ನೇ ಹಿಡಿದರೆ ದಕ್ಷಿಣ ಆಫ್ರಿಕಾದ್ದು ವರ್ಷಕ್ಕೆ ಸುಮಾರು 40 ಕೋಟಿ ಟನ್, ಜಗತ್ತಿನ ಒಟ್ಟಿನಲ್ಲಿ ಶೇ. 1ರ ಆಸುಪಾಸು. ಇಥಿಯೋಪಿಯಾದ್ದು 2 ಕೋಟಿ ಟನ್ನೂ ದಾಟುವುದು ಕಷ್ಟ. ಜನಸಂಖ್ಯೆಯಲ್ಲಿ ಮಾತ್ರ ಇಥಿಯೋಪಿಯಾ ಇಮ್ಮಡಿ.

ದಕ್ಷಿಣ ಆಫ್ರಿಕಾದ ಲೆಕ್ಕ ಬಿಡಿಸುವುದು ಸುಲಭ. ಜೊಹಾನ್ಸ್‌ಬರ್ಗ್‌ನಿಂದ ಕ್ರೂಗರ್ ಅಭಯಾರಣ್ಯದ ಕಡೆ ಹೊರಟರೆ ಎಮಲಹ್ಲೇನಿ ಸುತ್ತಲಿನ ಗಣಿ, ಚಿಮಣಿಗಳ ಸೀಮೆ ದಾಟಬೇಕು. ವಿದ್ಯುತ್ತಿನ ಸುಮಾರು ಐದರಲ್ಲಿ ನಾಲ್ಕು ಪಾಲು ಕಲ್ಲಿದ್ದಲಿನದು. ಅದೇ ಪ್ರಾಂತ್ಯದ ಸೆಕುಂಡಾದಲ್ಲಿ ಕಲ್ಲಿದ್ದಲನ್ನು ಅನಿಲವಾಗಿಸಿ, ಅದರಿಂದ ಪೆಟ್ರೋಲ್ ತೆಗೆಯುತ್ತಾರೆ. ವರ್ಣಭೇದ ನೀತಿಯ ಸರ್ಕಾರಕ್ಕೆ ಹೊರಗಿನ ಎಣ್ಣೆ ನಿಂತೀತೆಂಬ ಭಯವಿದ್ದ ಕಾಲದಲ್ಲಿ ಬೆಳೆದ ಕಾರ್ಖಾನೆ ಅದು.

ಹಾಗಾದರೆ ಇಥಿಯೋಪಿಯಾದ ಕೋಟಿಗಳು ಎಲ್ಲಿಂದ ಬಂದವು? ಕಾಡು ಕಡಿದು ಹೊಲ ಮಾಡಿದ್ದರಿಂದ ಒಂದಷ್ಟು. ದೊಡ್ಡ ಪಾಲು ದನಗಳಿಂದ. ಸುಮಾರು 7 ಕೋಟಿ ದನ, ಆಫ್ರಿಕಾದಲ್ಲೇ ಹೆಚ್ಚು. ಮೆಲುಕು ಹಾಕುತ್ತ ಅವು ತೇಗುವ ಮೀಥೇನ್ ಅನ್ನು ಲೆಕ್ಕದವರು 28ರಿಂದ ಗುಣಿಸಿ ಡೈಆಕ್ಸೈಡಿನ ಟನ್ನಾಗಿ ಬರೆಯುತ್ತಾರೆ. ಮೀಥೇನ್ ಹತ್ತು ಹನ್ನೆರಡು ವರ್ಷದಲ್ಲಿ ಕರಗುತ್ತದೆ, ಚಿಮಣಿಯದು ಶತಮಾನಗಟ್ಟಲೆ ಮೇಲೇ ಇರುತ್ತದೆ. ಒಟ್ಟು ಮೊತ್ತ ಓದುವವನಿಗೆ ಇದು ಕಾಣುವುದಿಲ್ಲ. ಕಲ್ಲಿದ್ದಲನ್ನು ತೂಗಿ ಲೆಕ್ಕ ಹಾಕಬಹುದು. ದನದ್ದು ತಲೆ ಎಣಿಸಿ ಕಟ್ಟಿದ ಅಂದಾಜು.

ನಾನು ಬಾಡಿಗೆಗಿದ್ದ ಮನೆಯೊಡತಿಯ ಹಿತ್ತಲ ಗೋಡೆಯ ತುಂಬ, ನಮ್ಮ ಧಾರವಾಡದ ಕಡೆಯಂತೆಯೇ, ಕುಳ್ಳು ತಟ್ಟಿರುತ್ತಿತ್ತು. ಅದರ ಉರಿಯಲ್ಲೇ ಅಗಲವಾದ ಮಣ್ಣಿನ ಹಂಚು ಕಾಯಿಸಿ, ಟೆಫ್ ಎಂಬ ಧಾನ್ಯದ ಹಿಟ್ಟಿನಿಂದ ಇಂಜೆರಾ ಎಂಬ ದೋಸೆ ಹುಯ್ಯುತ್ತಿದ್ದರು. ಹೊಲಕ್ಕೆ ಬೀಳಬೇಕಾದ ಗೊಬ್ಬರ ಒಲೆಗೆ ಬೀಳುತ್ತಿತ್ತು. ಹಳ್ಳಿಯಲ್ಲಿದ್ದ ಅವರ ತಮ್ಮನಿಗೆ ಒಂದೇ ಎತ್ತು. ಟೆಫ್ ಬಿತ್ತುವ ಹೊಲವನ್ನು ಮತ್ತೆ ಮತ್ತೆ ಉಳಬೇಕು, ಅದಕ್ಕೆ ಪಕ್ಕದವನ ಎತ್ತಿನ ಜೊತೆ ಜೋಡಿ. ತಿನ್ನಲು ಒಣಹುಲ್ಲು. ಕಳಪೆ ಮೇವಿನ ಹಸು ಕೊಡುವ ಹಾಲು ಲೀಟರು, ಎರಡು ಲೀಟರು. ಹಾಗಾಗಿ ಪ್ರತಿ ಲೀಟರಿನ ಮೇಲೆ ಬೀಳುವ ಮೀಥೇನ್ ಜಾಸ್ತಿ.

ಈ ಮೀಥೇನನ್ನೂ ಸೆಕುಂಡಾದ ಹೊಗೆಯನ್ನೂ ಒಂದೇ ಕಾಲಂನಲ್ಲಿ ಕೂಡಿಸುವುದು ತಪ್ಪಲ್ಲ, ಗಾಳಿಗೆ ಎರಡೂ ಸೇರುತ್ತವೆ. ಆದರೆ ಪರಿಹಾರ ಬೇರೆ. ದಕ್ಷಿಣ ಆಫ್ರಿಕಾ 2022ರಲ್ಲಿ ಕೊಮಾಟಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬಾಗಿಲು ಹಾಕಿತು; ಕಲ್ಲಿದ್ದಲು ಬಿಡಲೆಂದು ಶ್ರೀಮಂತ ದೇಶಗಳು 850 ಕೋಟಿ ಡಾಲರ್ ಕೊಡುವ ಮಾತು ಕೊಟ್ಟಿದ್ದವು, 2025ರಲ್ಲಿ ಅಮೆರಿಕ ಕೈ ಕೊಡವಿಕೊಂಡಿತು. ಇಥಿಯೋಪಿಯಾ 2024ರಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಮದು ನಿಲ್ಲಿಸಿತು. ಸದ್ದು ಮಾಡಿದ ಈ ಕ್ರಮ ಮುಟ್ಟುವುದು ಆ 2 ಕೋಟಿ ಟನ್ನಿನ ಒಂದು ಚೂರನ್ನು. 2011ರ ಅವರ ಹಸಿರು ಯೋಜನೆ ದನದ ಮಾಂಸ ಬಿಟ್ಟು ಕೋಳಿಯತ್ತ ಹೊರಳಿ ಎಂದೂ ಹೇಳಿತ್ತು. ಮನೆಯೊಡತಿಗೆ ಇದನ್ನು ಹೇಳಿದಾಗ ಅವರು, ‘ಮೇಷ್ಟ್ರೇ, ಕೋಳಿ ನೇಗಿಲು ಎಳೆಯುತ್ತದೆಯೇ?’ ಎಂದರು. ಒಳ್ಳೆಯ ಮೇವು, ಕಡಿಮೆ ದನ, ಹೆಚ್ಚು ಹಾಲು ಎಂಬ ದಾರಿಯೇ ಅಲ್ಲಿಗೆ ಹೊಂದುವುದು. ಅದಕ್ಕೂ ಮೊದಲು ಒಂಟಿ ಎತ್ತಿನ ರೈತನಿಗೆ ಉಳುಮೆಗೆ ಬೇರೊಂದು ಆಸರೆ ಸಿಗಬೇಕು.