ಇಳಿವಯಸ್ಸಿಗೊಂದು ಕೈತೋಟ

ತೋಟದ ಯಜಮಾನಿಕೆಯನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಪ್ರಾಯ ಸಂದವರು ಹೊತ್ತನ್ನು ಹೇಗೆ ಕಳೆಯಬೇಕು? ನಮ್ಮ ಕಡೆಯ ಹಲವು ಮನೆಗಳಲ್ಲಿ ಈ ಪ್ರಶ್ನೆಗೆ ಜಗಲಿಯ ಒರಗು ಕುರ್ಚಿಯೇ ಉತ್ತರವಾಗಿದೆ. ನಾಲ್ವತ್ತು ವರ್ಷ ಕಂಗಿನ ತೋಟದಲ್ಲಿ ದುಡಿದ ನಾವೂ ಎಪ್ಪತ್ತರ ಹೊಸ್ತಿಲಲ್ಲಿ ಆ ಕುರ್ಚಿಯಲ್ಲಿ ಒಂದು ಮಳೆಗಾಲ ಕುಳಿತೆವು. ಊಟ ರುಚಿಸದು, ನಿದ್ದೆ ಬಾರದು, ಮನೆಯವರು ಮಾಡಿದ್ದರಲ್ಲೆಲ್ಲ ತಪ್ಪೇ ಕಾಣುವುದು. ಇದು ಆ ಮಳೆಗಾಲದ ಫಲ. ಅನಂತರ ಬಾವಿಕಟ್ಟೆಯ ಬಳಿ ಒಂದು ಮಡಿ ಹರಿವೆ, ಒಂದು ಚಪ್ಪರ ಬಸಳೆ ಎಂದು ಆರಂಭಿಸಿದೆವು. ಈಗ ಐದು ವರ್ಷಗಳಾದವು. ಈ ಅವಧಿಯಲ್ಲಿ ನಮಗೆ ಅನುಭವಕ್ಕೆ ಬಂದುದನ್ನೂ, ಬಲ್ಲವರಿಂದ ಕೇಳಿ ತಿಳಿದುದನ್ನೂ ನಮ್ಮಂತಹ ಹಿರಿಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಏಕೆ ಬೆಳೆಯಬೇಕು?

ಪೇಟೆಯಲ್ಲಿ ಬೇಕಾದಷ್ಟು ತರಕಾರಿ ಸಿಗುವಾಗ ಮುದುಕರಿಗೆ ಈ ಶ್ರಮ ಏಕೆಂದು ಮಕ್ಕಳು ಕೇಳುವುದುಂಟು. ದಿನಕ್ಕೆ ಒಬ್ಬರು ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಂಡು ತಂದುದು ಮುಗಿದ ದಿನ ಉಪ್ಪಿನಕಾಯಿಯಲ್ಲೇ ಊಟ ಮುಗಿಸುವ ನಮಗೆ ಅಂಗಳದಲ್ಲೇ ಸೊಪ್ಪಿದ್ದರೆ ಈ ಲೆಕ್ಕ ತುಂಬುವುದು ಸುಲಭ. ಆಸ್ಟ್ರೇಲಿಯಾದ ಡಬ್ಬೊ ಎಂಬಲ್ಲಿ 60 ದಾಟಿದ 2800ಕ್ಕೂ ಮಿಕ್ಕ ಜನರನ್ನು 16 ವರ್ಷ ಗಮನಿಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನವೂ ತೋಟಗೆಲಸ ಮಾಡುವವರಲ್ಲಿ ಮರೆಗುಳಿತನದ ಕಾಯಿಲೆ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆಯಾಗಿ ಕಂಡಿತಂತೆ. ಗಟ್ಟಿಮುಟ್ಟಾಗಿರುವವರೇ ತೋಟಕ್ಕಿಳಿಯುತ್ತಾರೆ ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು. ಆದುದರಿಂದ ಇದನ್ನು ಔಷಧವೆಂದು ನಾವು ಹೇಳಲಾರೆವು. ಆದರೆ ಬೆಳಗ್ಗೆ ಎದ್ದಾಗ ಮೊಳಕೆ ಬಂತೋ ಎಂದು ನೋಡುವ ಕುತೂಹಲವೊಂದಿದ್ದರೆ ಕಾಲು ತಾನಾಗಿ ಅಂಗಳಕ್ಕಿಳಿಯುವುದು ಸತ್ಯ.

ಇನ್ನೊಂದು ಕಾರಣವನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಪಡ್ರೆ, ಎಣ್ಮಕಜೆ ಮುಂತಾದ ಕಡೆಯ ಮನೆಗಳು ಪಟ್ಟ ಪಾಡನ್ನು ದೇಶವೇ ಕಂಡಿದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. ಮೊಮ್ಮಕ್ಕಳ ಬಟ್ಟಲಿಗೆ ಬೀಳುವ ಸೊಪ್ಪಿಗೆ ಏನು ಸಿಂಪಡಿಸಲಾಗಿದೆ ಎಂದು ಅರಿತಿರುವುದು ಈ ನೆಲದಲ್ಲಿ ಬರಿಯ ಹವ್ಯಾಸದ ಮಾತಲ್ಲ.

ಸ್ಥಳ ಮತ್ತು ಮಡಿ

ಮೊದಲ ವರ್ಷ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ತೋಟ ಮಾಡಿದ ಅಭ್ಯಾಸಬಲದಿಂದ ಮನೆಯ ಹಿಂದಿನ ಐದು ಸೆಂಟ್ ಜಾಗವನ್ನು ಅಗೆಯತೊಡಗಿದೆವು. ನಾಲ್ಕನೆಯ ದಿನ ಸೊಂಟ ಹಿಡಿಯಿತು. ಹದಿನೈದು ದಿನ ಹಾಸಿಗೆ. ಅಷ್ಟರಲ್ಲಿ ಕಳೆ ಆಳೆತ್ತರವಾಯಿತು. ಆಗ ನಮ್ಮ ಮನೆಯವಳು, "ನಿಮಗೆ ತೋಟ ಬೇಡ, ಮಡಿ ಸಾಕು," ಎಂದಳು. ಇಳಿವಯಸ್ಸಿನ ಕೃಷಿಗೆ ಇದಕ್ಕಿಂತ ಒಳ್ಳೆಯ ಸೂತ್ರ ನಮಗೆ ಮತ್ತೆ ಸಿಕ್ಕಿಲ್ಲ.

ಬೆಳಗ್ಗಿನ ಬಿಸಿಲು ನಾಲ್ಕೈದು ಗಂಟೆಯಾದರೂ ಬೀಳುವ, ಅಡಿಗೆಮನೆಗೂ ಬಾವಿಗೂ ಹತ್ತಿರವಾದ ಸ್ಥಳವನ್ನು ಆರಿಸಬೇಕು. ದೂರವಿದ್ದರೆ ಆರೈಕೆ ತಪ್ಪುತ್ತದೆ. ಹಳೆಯ ಮುರಕಲ್ಲುಗಳನ್ನಿಟ್ಟು 3 ಅಡಿ ಅಗಲ, 10 ಅಡಿ ಉದ್ದ, 2 ಅಡಿ ಎತ್ತರದ ಒಂದು ಕಟ್ಟೆ ಕಟ್ಟಿಸಿರಿ. ಎರಡು ಬದಿಯಿಂದಲೂ ಕೈ ನಡುವಿನ ವರೆಗೆ ಎಟಕುತ್ತದೆ. ಒಂದು ಸ್ಟೂಲಿನ ಮೇಲೆ ಕುಳಿತೇ ಕೆಲಸ ಮಾಡಬಹುದು. ಗೋಡೆಗೆ ತಾಗಿದ್ದರೆ ಅಗಲ 2 ಅಡಿ ಸಾಕು. ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಬೀಳುವ ನಾಡಿದು. ಆದುದರಿಂದ ಅಡಿಯ ಸಾಲಿನಲ್ಲಿ ನೀರು ಹೊರಹೋಗಲು ಸಂದು ಬಿಡಲೇಬೇಕು. ಕಟ್ಟೆಯ ತಳಕ್ಕೆ ಒಂದಡಿ ತೆಂಗಿನ ಸಿಪ್ಪೆ, ಅದರ ಮೇಲೆ ತರಗೆಲೆ, ಅನಂತರ ಮೇಲ್ಮಣ್ಣು ತುಂಬಿಸಬೇಕು.

ನಮ್ಮ ಮುರಮಣ್ಣು ಹುಳಿ ಮಣ್ಣು. ಸುರಿಮಳೆ ಸುಣ್ಣದ ಅಂಶವನ್ನು ತೊಳೆದೊಯ್ಯುವುದೇ ಇದಕ್ಕೆ ಕಾರಣ. ಮಣ್ಣು ಹುಳಿಯಾದರೆ ಹಾಕಿದ ಗೊಬ್ಬರ ಗಿಡಕ್ಕೆ ದಕ್ಕುವುದಿಲ್ಲ. ಸೆಂಟ್ ಒಂದಕ್ಕೆ 2ರಿಂದ 3 ಕಿಲೊ ಸುಣ್ಣದ ಹುಡಿ ಬೇಕು. ಮೇಲೆ ಹೇಳಿದ ಮಡಿಗೆ 150ರಿಂದ 200 ಗ್ರಾಂ ಸಾಕು. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಟ್ಟಿಗೆ ಹಾಕಕೂಡದು. ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಸುಣ್ಣ ಹಾಕಿ ನೀರು ಚಿಮುಕಿಸಿ, ಎರಡು ವಾರ ಕಳೆದ ಮೇಲೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರವನ್ನೂ ಸುಡುಮಣ್ಣನ್ನೂ ಬೆರೆಸತಕ್ಕದ್ದು.

ಯಾವ ಕಾಲಕ್ಕೆ ಯಾವುದು?

ಬಿಸು ಕಳೆದು ಒಂದೆರಡು ಮಳೆ ಬಿದ್ದೊಡನೆ ಬೆಂಡೆ, ಅಲಸಂಡೆ, ಹೀರೆ, ಪಡವಲ, ಹಾಗಲಗಳನ್ನು ಹಾಕಬೇಕು. ಪತ್ತನಾಜೆಗೆ ಮುಂಚೆ ಗಿಡ ಗೇಣುದ್ದವಾದರೆ ಕಾರ್ತೆಲಿನ ಮಳೆಯನ್ನು ತಾಳಿಕೊಳ್ಳುತ್ತದೆ. ಬೆಂಡೆಯ ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಬಿತ್ತಿದರೆ ಸುಮಾರು 45ರಿಂದ 50 ದಿನಗಳಲ್ಲಿ ಮೊದಲ ಕಾಯಿ. ಆಟಿಯಲ್ಲಿ ಹೊಸದನ್ನು ಬಿತ್ತುವುದು ಬೇಡ. ಆಗ ಕೆಸು, ತಗತೆಸೊಪ್ಪುಗಳನ್ನು ಭೂಮಿಯೇ ಕೊಡುತ್ತದೆ. ಮಳೆಯ ಜೋರು ಇಳಿದ ಮೇಲೆ, ಸಪ್ಟೆಂಬರ್ ಕೊನೆಯಿಂದ ಹರಿವೆ, ಮೂಲಂಗಿ, ಬದನೆ. ಮಕರ ಮಾಸದ ಹೊತ್ತಿಗೆ ಮಂಗಳೂರು ಸೌತೆ ಹಾಕಿದರೆ ಬೆಳೆದ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತೂಗಹಾಕಬಹುದು. ಮಳೆಗಾಲದ ಸಾಂಬಾರಿಗೆ ಅದೇ ಆಧಾರ.

ಹೊಸಬರಿಗೆ ಹರಿವೆಯೇ ಸುಲಭ. ಬೀಜ ಸಣ್ಣದಾದ್ದರಿಂದ ಹೊಯಿಗೆಯೊಡನೆ ಬೆರೆಸಿ ಬಿತ್ತಬೇಕು. ಒಂದು ತಿಂಗಳಿನೊಳಗೆ ಸೊಪ್ಪು ಕೊಯ್ಯಬಹುದು. ಬೇರು ಸಹಿತ ಕೀಳದೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಕೆಂಪು ಹರಿವೆಗೆ ಮಳೆಯಲ್ಲಿ ಎಲೆಚುಕ್ಕೆ ರೋಗ ಹೆಚ್ಚು. ನಡುನಡುವೆ ಹಸುರು ಹರಿವೆಯನ್ನು ಬೆರೆಸಿ ಬಿತ್ತಿದರೆ ರೋಗದ ಹರಡುವಿಕೆ ತಗ್ಗುತ್ತದೆ. ಹತ್ತು ಲೀಟರ್ ನೀರಿಗೆ ಒಂದು ಕಿಲೊ ಹಸಿ ಸಗಣಿ ಕದಡಿ, ಮೇಲಿನ ತಿಳಿಯನ್ನು ಸೋಸಿ ಸಿಂಪಡಿಸುವುದೂ ಉಪಾಯವೇ. ಹೀಗೆ ಸಿಂಪಡಿಸಿದ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ಬಳಸಬೇಕು.

ಬಸಳೆಗೂ ತೊಂಡೆಗೂ ಬೀಜ ಬೇಡ. ಮೂರು ನಾಲ್ಕು ಗಂಟುಗಳಿರುವ ಬಳ್ಳಿಯ ತುಂಡು ಸಾಕು. ಒಮ್ಮೆ ಚಪ್ಪರಕ್ಕೆ ಹತ್ತಿದರೆ ವರ್ಷಗಟ್ಟಲೆ ಕೊಡುತ್ತವೆ. ಬಸಳೆಗೆ ಬೂದಿಯೂ ಹಟ್ಟಿಗೊಬ್ಬರವೂ ಬಲು ಪ್ರೀತಿ. ಚಪ್ಪರವನ್ನು ಮಾತ್ರ ತಲೆಯೆತ್ತರಕ್ಕಿಂತ ಮೇಲೆ ಕಟ್ಟಬೇಡಿರಿ. ಅರುವತ್ತು ದಾಟಿದವರು ಏಣಿ ಹತ್ತುವುದು ಸಲ್ಲದು. ಬದನೆ ಹಸುರಾಗಿದ್ದಂತೆಯೇ ಒಂದೇ ದಿನದಲ್ಲಿ ಬಾಡಿ ಸತ್ತರೆ ಅದು ಮಣ್ಣಿನ ಸೊರಗು ರೋಗ. ಅದೇ ಜಾಗದಲ್ಲಿ ಮತ್ತೆ ಬದನೆ, ಮೆಣಸು, ಟೊಮೆಟೊ ನೆಡಬಾರದು. ಸುಂಡೆಯ ಗಿಡಕ್ಕೆ ಕಸಿ ಕಟ್ಟಿದ ಬದನೆ ಈ ರೋಗವನ್ನು ತಡೆಯುತ್ತದೆ.

ಹೇನು, ಬಿಳಿನೊಣಗಳಿಗೆ ಒಂದು ಲೀಟರ್ ನೀರಿಗೆ 20 ಮಿಲ್ಲಿಲೀಟರ್ ಬೇವಿನೆಣ್ಣೆ, ಅರೆದು ಸೋಸಿದ 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸಾಬೂನು ಕದಡಿ ಎಲೆಯ ಅಡಿಭಾಗಕ್ಕೆ ಸಂಜೆ ಸಿಂಪಡಿಸಬೇಕು. ಹಾಗಲ, ಪಡವಲದ ಎಳೆಕಾಯಿಗಳಿಗೆ ಕಾಗದದ ಚೀಲ ತೊಡಿಸಿದರೆ ಕಾಯಿನೊಣದ ಕಾಟವಿಲ್ಲ.

ಮದ್ದಿನ ಗಿಡಗಳು

ಬಾವಿಕಟ್ಟೆಯ ನೀರು ಹರಿಯುವಲ್ಲಿ ಒಂದೆಲಗ, ಮೆಟ್ಟಲಿನ ಬದಿಯ ಚಟ್ಟಿಯಲ್ಲಿ ಸಾಂಬ್ರಾಣಿ, ಬೇಲಿಯಂಚಿಗೆ ಮಜ್ಜಿಗೆಹುಲ್ಲು, ಮೂಲೆಯಲ್ಲಿ ಶುಂಠಿ, ಅರಸಿನ, ಬೇವಿನ ಸೊಪ್ಪು: ಇಷ್ಟಿದ್ದರೆ ಹಲ್ಲಿಲ್ಲದವರಿಗೂ ದಿನಕ್ಕೊಂದು ತಂಬುಳಿಯಾಗುತ್ತದೆ. ಆದರೆ ಸೊಪ್ಪೆಂದೊಡನೆ ಎಷ್ಟು ತಿಂದರೂ ಒಳ್ಳೆಯದೆಂದು ತಿಳಿಯಬೇಡಿರಿ. ಚಕ್ರಮುನಿ ಸೊಪ್ಪನ್ನು ಹಸಿಯಾಗಿ ಅರೆದು ರಸ ಕುಡಿಯುವ ಹುಚ್ಚು 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ಹಬ್ಬಿ, ಅನೇಕರ ಶ್ವಾಸಕೋಶ ಕೆಟ್ಟಿತು. ಬೇಯಿಸಿ ಮಿತವಾಗಿ ತಿನ್ನುವುದೇ ಕ್ರಮ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಬಾರದು, ಇಳಿಸಲೂಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ತ್ವ ಆ ಮಾತ್ರೆಯ ಬಲವನ್ನು ಬದಲಿಸುತ್ತದೆ. ಮೂತ್ರಪಿಂಡದ ತೊಂದರೆಯಿರುವವರೂ ವೈದ್ಯರನ್ನು ಕೇಳಿಯೇ ಹರಿವೆ, ಬಸಳೆ ತಿನ್ನಬೇಕು.

ಮೈಯ ಜಾಗ್ರತೆ

ಕೆಲಸ ಬೆಳಗ್ಗೆ ಒಂದು ಗಂಟೆ, ಸಂಜೆ ಅರ್ಧ ಗಂಟೆ. ಅದಕ್ಕಿಂತ ಹೆಚ್ಚು ಬೇಡ. ಕೊಡಪಾನ ಹೊರುವ ಬದಲು ಕೊಳವೆಯಲ್ಲಿ ನೀರು ಬಿಡಿರಿ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಅಡಕೆ ಮರದ ಸಲಾಕೆಗಳನ್ನು ಅಡ್ಡಕ್ಕೆ ಹಾಸಿ ದಾರಿ ಮಾಡಿಕೊಳ್ಳಿರಿ. ಕಾಲಿನ ಗಾಯವಿದ್ದಾಗ ಕೆಸರಿಗಿಳಿಯಬಾರದು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸಣ್ಣ ಗಾಯ ತಿಳಿಯದಿರುವುದುಂಟು. ರಬ್ಬರ್ ಬೂಟು ಹಾಕದೆ ಇಳಿಯಲೇಕೂಡದು. ಚಟ್ಟಿಯ ಅಡಿಯ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲದಿದ್ದರೆ ಡೆಂಗಿ ಸೊಳ್ಳೆಯನ್ನು ನಾವೇ ಸಾಕಿದಂತೆ.

ಬೀಜದ ಮಾತು

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ವಿಷಯ. ನಮ್ಮ ಮನೆಯವಳು ಮದುವೆಯಾಗಿ ಬರುವಾಗ ತವರಿನಿಂದ ಬಿಳಿ ಬೆಂಡೆಯ ಬೀಜ ತಂದಿದ್ದಳು. ಉದ್ದ ಕಾಯಿ, ಬಲಿತರೂ ನಾರಾಗದು. ಪ್ರತಿ ವರ್ಷ ಎರಡು ಕಾಯಿಗಳನ್ನು ಗಿಡದಲ್ಲೇ ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ತೂಗುತ್ತಿದ್ದಳು. ಅಡಿಗೆಮನೆಗೆ ಗ್ಯಾಸ್ ಬಂತು, ಹೊಗೆ ಹೋಯಿತು. ಹಳೆಯ ಅಭ್ಯಾಸದಂತೆ ಅಲ್ಲೇ ತೂಗಿಸಿದ್ದೆವು. ನಾವು ಸೊಂಟ ಹಿಡಿದು ಮಲಗಿದ ವರ್ಷ ಬಿತ್ತನೆಯೂ ತಪ್ಪಿತು. ಮರುವರ್ಷ ತೆಗೆದು ನೋಡಿದರೆ ಬೀಜಕ್ಕೆ ಬೂಷ್ಟು. ನಾಲ್ವತ್ತು ಬೀಜ ಹಾಕಿದೆವು; ಒಂದೂ ಹುಟ್ಟಲಿಲ್ಲ. ಅವಳು ಏನೂ ಅನ್ನಲಿಲ್ಲ. ಆ ಮಡಿಯ ಕಡೆಗೆ ಮಾತ್ರ ಕೆಲವು ದಿನ ಹೋಗಲಿಲ್ಲ.

ಪೇಟೆಯಲ್ಲಿ ವಿಚಾರಿಸಿದೆವು, ತವರುಮನೆಗೆ ಹೇಳಿಕಳಿಸಿದೆವು. ಅಲ್ಲಿ ಈಗ ತರಕಾರಿಯೇ ಹಾಕುವುದಿಲ್ಲ. ಕೊನೆಗೆ ಹೊಳೆಯಾಚೆಯ ಒಬ್ಬರು ಅಜ್ಜಿಯ ಮನೆಯಲ್ಲಿ ಅದೇ ಬೆಂಡೆ ಇದೆಯೆಂದು ತಿಳಿಯಿತು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯಿಂದಲೇ ಹೋದ ಬೀಜ! "ನೀವು ಕೊಟ್ಟದ್ದೇ, ತೆಕ್ಕೊಳ್ಳಿ," ಎಂದು ಅಜ್ಜಿ ಒಂದು ಮುಷ್ಟಿ ಕೊಟ್ಟರು. ಅಂದು ಕೊಡದಿದ್ದರೆ ನಮ್ಮಲ್ಲಿ ಆ ತಳಿಯೇ ಇಲ್ಲವಾಗುತ್ತಿತ್ತು.

ಕೃಷಿಭವನಗಳು 1987ರಿಂದ ನಮ್ಮ ಪಂಚಾಯತುಗಳಲ್ಲಿವೆ. ಅಲ್ಲಿ ಸಿಗುವ ಬೀಜದ ಪೊಟ್ಟಣಗಳನ್ನು ಬಳಸಿರಿ. ಮೇಲಿನ ಬರೆಹ ಮಲಯಾಳದಲ್ಲಿದ್ದರೆ ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಓದಿಸಿಕೊಳ್ಳಿರಿ: ಚೀರ ಎಂದರೆ ಹರಿವೆ, ವೆಂಡ ಎಂದರೆ ಬೆಂಡೆ, ಪಯರ್ ಎಂದರೆ ಅಲಸಂಡೆ, ಪಾವಲ್ ಎಂದರೆ ಹಾಗಲ, ಕೋವಲ್ ಎಂದರೆ ತೊಂಡೆ. ಓದಿ ಹೇಳಿದ ಮಗು ಬಿತ್ತುವುದಕ್ಕೂ ಬರುತ್ತದೆ. ಆದರೆ ಪೊಟ್ಟಣದ ಬೀಜ ಹೈಬ್ರಿಡ್ ಆದರೆ ಅದರಿಂದ ಎತ್ತಿಟ್ಟ ಬೀಜ ಮರುವರ್ಷ ಅದೇ ಗುಣ ತೋರದು. ಆದುದರಿಂದ ಮನೆಯ ತಳಿಯನ್ನು ಮನೆಯಲ್ಲೇ ಉಳಿಸಬೇಕು.

ರೋಗವಿಲ್ಲದ ಗಿಡದ ಒಳ್ಳೆಯ ಕಾಯಿಯನ್ನು ಆಸೆಗೆ ಕೊಯ್ಯದೆ ಬೀಜಕ್ಕೆ ಬಿಡಬೇಕು. ಬೆಂಡೆಯ ತಳಿಗಳು ಜೇನ್ನೊಣದಿಂದ ಬೆರೆಯುತ್ತವೆ. ಒಂದು ಅಂಗಳದಲ್ಲಿ ಒಂದೇ ತಳಿ ಇರಲಿ. ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಜರಡಿ ಹಿಡಿದ ಒಣಬೂದಿಯೊಡನೆ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಹೆಸರೂ ವರ್ಷವೂ ಬರೆದಿಡಬೇಕು. ಬೂದಿ ತೇವವನ್ನು ಹೀರುತ್ತದೆ, ಕುಟ್ಟೆಹುಳವನ್ನು ದೂರವಿಡುತ್ತದೆ. ಪ್ರತಿ ವರ್ಷ ಎರಡು ಮನೆಗಾದರೂ ಹಂಚಬೇಕು. ನಮ್ಮ ಮನೆಯಲ್ಲಿ ತಪ್ಪಿದ್ದು ಅಲ್ಲಿ ಉಳಿಯುತ್ತದೆ.

ಯಾವ ಮಣ್ಣಿಗೆ ಯಾವ ತಳಿ ಒಗ್ಗುತ್ತದೆ, ಯಾವ ಬಳ್ಳಿ ಯಾವ ಮಳೆಗೆ ಹೂ ಬಿಡುತ್ತದೆ ಎಂಬುದು ಇಂದು ಹೆಚ್ಚಾಗಿ ಎಪ್ಪತ್ತು ದಾಟಿದವರ ತಲೆಯಲ್ಲೇ ಇದೆ. ಅದನ್ನು ಕುರ್ಚಿಯಲ್ಲಿ ಕೂರಿಸಿಡುವುದು ನ್ಯಾಯವಲ್ಲ. ಒಂದು ಮಡಿ ಸಾಕು, ಒಂದು ಚಪ್ಪರ ಸಾಕು. ಈ ಸಲದ ಬಿಳಿ ಬೆಂಡೆಯಲ್ಲಿ ಆರು ಕಾಯಿಗಳನ್ನು ನಾವು ಬೀಜಕ್ಕೆ ಬಿಟ್ಟಿದ್ದೇವೆ. ನೆರೆಕರೆಯ ಹಿರಿಯರು ಪತ್ತನಾಜೆಗೆ ಮುಂಚೆ ಬಂದರೆ ಕೊಡಲು ಸಂತೋಷವುಂಟು. ಬರುವಾಗ ತಮ್ಮ ಮನೆಯ ಯಾವುದಾದರೊಂದು ಬೀಜ ತಂದರೆ ಇನ್ನೂ ಸಂತೋಷ.