ರೇಡಿಯೊದೊಳಗಿನ ಗರಗರ ಎಲ್ಲಿಂದ ಬಂತು?

ಮೀಡಿಯಂ ವೇವ್ ರೇಡಿಯೊದಲ್ಲಿ ಹಾಡು ಕೇಳುತ್ತಿದ್ದೀರಿ ಎಂದುಕೊಳ್ಳಿ. ಮನೆಯ ಮುಂದೆ ಹಳೆಯ ಮೋಟಾರ್ ಸೈಕಲ್ ಒಂದು ಬಂದು ನಿಂತಿತು. ಹಾಡಿನ ಜೊತೆಗೆ ‘ಟಕ ಟಕ ಟಕ’ ಸದ್ದೂ ಸೇರಿಕೊಂಡಿತು! ಬೈಕು ಹೊರಟುಹೋದ ಮೇಲೆ ಸದ್ದೂ ನಿಂತಿತು. ಬೈಕಿಗೂ ರೇಡಿಯೊಗೂ ತಂತಿಯ ಸಂಬಂಧವೇ ಇಲ್ಲ. ಹಾಗಾದರೆ ಆ ಸದ್ದು ಒಳಗೆ ಬಂದದ್ದು ಹೇಗೆ?

ಹ್ಯಾಮ್‌ಗಳಿಗೆ ಇದು ಬಹಳ ಮುಖ್ಯವಾದ ಪ್ರಶ್ನೆ. ಹ್ಯಾಮ್‌ಗಳೆಂದರೆ ಪರೀಕ್ಷೆ ಪಾಸು ಮಾಡಿ, ಸರ್ಕಾರದ ಪರವಾನಗಿ ಪಡೆದು, ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತನಾಡುವವರು. 2004ರ ಡಿಸೆಂಬರ್ 26ರಂದು ಅಂಡಮಾನ್ ದ್ವೀಪಗಳಿಗೆ ಸುನಾಮಿ ಅಪ್ಪಳಿಸಿ ದೂರವಾಣಿ ಸಂಪರ್ಕ ಕಡಿದಾಗ, ಅಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹ್ಯಾಮ್ ರೇಡಿಯೊ ಮೂಲಕ ಸುದ್ದಿ ಮುಟ್ಟಿಸಿದರು. ಇಂಥ ವಿಪತ್ತಿನಲ್ಲಿ ಕರೆಂಟು ಇಲ್ಲದಿದ್ದರೆ ಜೀಪು, ಕಾರುಗಳ 12 ವೋಲ್ಟ್ ಬ್ಯಾಟರಿಯೇ ರೇಡಿಯೊಗೆ ಆಧಾರ. ‘ಇಲ್ಲಿ ಹತ್ತು ಜನ ಸಿಕ್ಕಿಕೊಂಡಿದ್ದೇವೆ’ ಎಂಬ ಮಾತು ಎಂಜಿನ್ನಿನ ಗರಗರದಲ್ಲಿ ಮುಳುಗಿಹೋದರೆ ಏನು ಗತಿ?

ಕಿಡಿಯೂ ಒಂದು ರೇಡಿಯೊ ಕೇಂದ್ರ!

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಇದಕ್ಕೆ ಸಾವಿರಾರು ವೋಲ್ಟ್ ಬೇಕು. ಕಿಡಿ ಹಾರಿದಾಗಲೆಲ್ಲ ವಿದ್ಯುತ್ಕಾಂತೀಯ ತರಂಗಗಳು ಹೊರಡುತ್ತವೆ. ಜರ್ಮನಿಯ ಹೈನ್ರಿಚ್ ಹರ್ಟ್ಸ್ 1887ರ ಸುಮಾರಿಗೆ ಕಿಡಿ ಹಾರಿಸಿಯೇ ರೇಡಿಯೊ ತರಂಗಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟರು.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎನ್ನಿ. ಪ್ರತಿ ಎರಡು ಸುತ್ತಿಗೆ ಪ್ರತಿ ಸಿಲಿಂಡರಿನಲ್ಲೂ ಒಮ್ಮೆ ಇಂಧನ ಹೊತ್ತಿಕೊಳ್ಳಬೇಕು. ಅಂದರೆ ನಿಮಿಷಕ್ಕೆ 6000, ಸೆಕೆಂಡಿಗೆ 100 ಕಿಡಿಗಳು! ದೂರದಿಂದ ಬರುವ ಧ್ವನಿಯ ಸಂಕೇತವಾದರೋ ಆಂಟೆನಾದಲ್ಲಿ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟೇ ಇರಬಹುದು. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿದ ಹಾಗೆ.

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಆದರೆ ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್ ಇದೆ. ಅದರ ವಿದ್ಯುತ್ತಿನಲ್ಲಿ ಉಳಿಯುವ ಸಣ್ಣ ಏರಿಳಿತಗಳು ತಂತಿಯ ಮೂಲಕ ರೇಡಿಯೊಗೆ ಸೇರಿ ‘ಕುಂಯ್’ ಎನ್ನುತ್ತವೆ.

ಪತ್ತೇದಾರಿ ಕೆಲಸ

ಹ್ಯಾಮ್‌ಗಳು ಮೊದಲು ಕಿವಿಗೊಟ್ಟು ಕೇಳುತ್ತಾರೆ. ಎಂಜಿನ್ ವೇಗ ಹೆಚ್ಚಿದಂತೆ ಟಕಟಕ ಬೇಗಬೇಗ ಆದರೆ ಸ್ಪಾರ್ಕ್ ಪ್ಲಗ್ ಮೇಲೆ ಅನುಮಾನ. ಕುಂಯ್ ಸ್ವರ ಮೇಲೇರಿದರೆ ಆಲ್ಟರ್ನೇಟರ್ ಮೇಲೆ. ವೈಪರ್ ಹಾಕಿದಾಗ ಮಾತ್ರ ಬಂದರೆ ಅದರ ಮೋಟಾರಿನದು. ಆಮೇಲೆ ಆಂಟೆನಾ ತಂತಿ ತೆಗೆದು, ಮಾತನಾಡದೆ, ಬರೀ ಕೇಳುತ್ತಾರೆ. ಸದ್ದು ನಿಂತರೆ ಅದು ಆಂಟೆನಾ ಮೂಲಕ ಬರುತ್ತಿತ್ತು. ನಿಲ್ಲದಿದ್ದರೆ ಬಹುಪಾಲು ವಿದ್ಯುತ್ ತಂತಿಯ ಮೂಲಕ.

ದಾರಿ ತಿಳಿದರೆ ಉಪಾಯವೂ ಸಿಗುತ್ತದೆ. ರೋಧಕವಿರುವ ಸ್ಪಾರ್ಕ್ ಪ್ಲಗ್ ಹಾಕಿದರೆ ಕಿಡಿಯ ತರಂಗಗಳು ತಗ್ಗುತ್ತವೆ. ರೇಡಿಯೊಗೆ ಫ್ಯೂಸ್ ಸಹಿತ ನೇರವಾಗಿ ಬ್ಯಾಟರಿಯಿಂದಲೇ ತಂತಿ ಎಳೆಯುತ್ತಾರೆ. ತಂತಿಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಬಳೆ ತೊಡಿಸುತ್ತಾರೆ. ಕೆಲವು ಕಂಪ್ಯೂಟರ್ ಕೇಬಲ್ಲುಗಳಲ್ಲಿ ಗಂಟಿನಂತೆ ಕಾಣುವುದೂ ಇದೇ. ರೇಡಿಯೊದ ಧ್ವನಿ ಹೆಚ್ಚಿಸಿದರೆ ಮಾತ್ರ ಪ್ರಯೋಜನವಿಲ್ಲ, ಗದ್ದಲವೂ ಹೆಚ್ಚುತ್ತದೆ!

ಮಾಡಿ ನೋಡಿ

ರೇಡಿಯೊವನ್ನು ಮೀಡಿಯಂ ವೇವ್‌ನಲ್ಲಿ ಯಾವ ಕೇಂದ್ರವೂ ಇಲ್ಲದ ಕಡೆ ಇಡಿ. 1.5 ವೋಲ್ಟಿನ ಟಾರ್ಚ್ ಸೆಲ್ಲಿನ ಒಂದು ತುದಿಯ ತಂತಿಯನ್ನು ಕಬ್ಬಿಣದ ಅರಕ್ಕೆ ಕಟ್ಟಿ. ಇನ್ನೊಂದು ತುದಿಯ ತಂತಿಯನ್ನು ರೇಡಿಯೊದ ಹತ್ತಿರ ಅರದ ಮೇಲೆ ಎಳೆಯಿರಿ. ‘ಕರಕರ’ ಕೇಳಿಸಿತೇ? ಈಗ ಎಫ್‌ಎಂ ಕೇಂದ್ರವೊಂದನ್ನು ಹಾಕಿ ಹೀಗೆಯೇ ಮಾಡಿ. ಸದ್ದು ಬಹಳ ಕಡಿಮೆ. ಕಿಡಿಯು ತರಂಗದ ಎತ್ತರವನ್ನು ಕೆಡಿಸುತ್ತದೆ. ಎಫ್‌ಎಂನಲ್ಲಿ ಧ್ವನಿ ಅಡಗಿರುವುದು ತರಂಗದ ಆವೃತ್ತಿಯಲ್ಲಿ.

ಎಚ್ಚರಿಕೆ: ತಂತಿಯನ್ನು ಅರಕ್ಕೆ ಒತ್ತಿ ಹಿಡಿಯಬೇಡಿ, ಬಿಸಿಯಾಗುತ್ತದೆ. ಮನೆಯ ವಿದ್ಯುತ್ ಅಥವಾ ವಾಹನದ ಬ್ಯಾಟರಿಯಿಂದ ಈ ಪ್ರಯೋಗ ಖಂಡಿತ ಬೇಡ.

ಯೋಚಿಸಿ: ವಿದ್ಯುತ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಆದರೂ ಕೆಲವು ತಯಾರಕರು ತಮ್ಮ ವಿದ್ಯುತ್ ಕಾರುಗಳಲ್ಲಿ ಮೀಡಿಯಂ ವೇವ್ ರೇಡಿಯೊವನ್ನು ಕೈಬಿಟ್ಟಿದ್ದಾರೆ. ಏಕಿರಬಹುದು? ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.