212 ಲೈಕ್, 9 ಲೈಕ್

ಸುದ್ದಗುಂಟೆಪಾಳ್ಯದಲ್ಲಿ ನಮ್ಮಪ್ಪಂದು ಸಣ್ಣ ಜೆರಾಕ್ಸ್ ಅಂಗಡಿ. ಕ್ರೈಸ್ಟ್ ಯೂನಿವರ್ಸಿಟಿ ಹತ್ತಿರದಲ್ಲೇ ಇರೋದ್ರಿಂದ ಪ್ರಾಜೆಕ್ಟ್ ರಿಪೋರ್ಟ್, ಸ್ಪೈರಲ್ ಬೈಂಡಿಂಗ್, ರೆಸ್ಯೂಮೆ ಅಂತ ಹುಡುಗರು ಬರ್ತಾನೇ ಇರ್ತಾರೆ. ಹೋದ ವರ್ಷ ನನ್ನ ಮೊದಲ ಇಂಟರ್ನ್‌ಶಿಪ್ ಸರ್ಟಿಫಿಕೇಟನ್ನ ಖುಷಿಯಿಂದ ಅಲ್ಲೇ ಕಲರ್ ಪ್ರಿಂಟ್ ತೆಗೆಸಿದೆ. ಅಪ್ಪ ನೋಡಿ, "ಈ ತಿಂಗಳಲ್ಲಿ ಇದು ನಾಲ್ಕನೇದು ಕಣಮ್ಮ. ಕಂಪನಿ ಅದೇ, ಸಹಿನೂ ಅದೇ. ಹೆಸರು ಮಾತ್ರ ಬೇರೆ" ಅಂದ್ರು.

ಅದಕ್ಕೆ ನಾನು 1,499 ರೂಪಾಯಿ ರಿಜಿಸ್ಟ್ರೇಷನ್ ಫೀಸ್ ಕಟ್ಟಿದ್ದೆ. ಕೆಲಸ ಅಂದ್ರೆ ಮೂರು ವಿಡಿಯೋ ನೋಡೋದು, ಆಮೇಲೆ ಲಿಂಕ್ಡ್‌ಇನ್‌ನಲ್ಲಿ ಅವರನ್ನ ಟ್ಯಾಗ್ ಮಾಡಿ ಪೋಸ್ಟ್ ಹಾಕೋದು. ಪೋಸ್ಟಿಗೆ 212 ಲೈಕ್ ಬಂತು. ಅದನ್ನ ನೋಡಿ ನನ್ನ ಕ್ಲಾಸಿನ ಇನ್ನಿಬ್ಬರು ದುಡ್ಡು ಕಟ್ಟಿದ್ರು. ನಾನು ಮೋಸ ಹೋಗಿದ್ದಕ್ಕಿಂತ ಇದು ಜಾಸ್ತಿ ಚುಚ್ಚಿತು. ಅವರ ಜಾಹೀರಾತು ನಾನೇ ಆಗಿದ್ದೆ.

ವಿಟಿಯು ಸಿಲಬಸ್‌ನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಹಾಗಾಗಿ ನಮಗೆಲ್ಲ ಎರಡನೇ ವರ್ಷದಲ್ಲೇ ಗಾಬರಿ ಶುರು. ಈ ಗಾಬರಿಯ ಮೇಲೇ ಅವರ ವ್ಯಾಪಾರ ನಡೆಯೋದು. ಕೆಲಸ ಕೊಡೋರು ದುಡ್ಡು ಕೇಳಿದ್ರೆ ಅಲ್ಲಿಗೇ ನಿಲ್ಲಿಸಿ. ಕಂಪನಿ ನೋಂದಣಿ ಆಗಿದ್ಯಾ ಅಂತ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಲ್ಲಿ ಹುಡುಕಬಹುದು. ನೋಂದಣಿ ಇದ್ದ ಮಾತ್ರಕ್ಕೆ ನಂಬಬೇಕು ಅಂತೇನೂ ಇಲ್ಲ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ತಡೆಯೋದು ಕಷ್ಟ. ನನಗೆ ಗೊತ್ತಾಗೋ ಹೊತ್ತಿಗೆ ಎರಡು ತಿಂಗಳಾಗಿತ್ತು.

ಹಾಗಂತ ಅಕೌಂಟ್ ಡಿಲೀಟ್ ಮಾಡಬೇಕಾ? ನಾನೂ ಅದನ್ನೇ ಯೋಚಿಸಿದ್ದೆ. ಆಮೇಲೆ ಒಂದು ವಿಷಯ ಓದಿದೆ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ, ಕೆಲಸದ ಸುದ್ದಿ ಆಪ್ತ ಸ್ನೇಹಿತರಿಗಿಂತ ದೂರದ ಪರಿಚಯದವರಿಂದಲೇ ಹೆಚ್ಚಾಗಿ ಬರುತ್ತೆ ಅಂತ ಬರೆದರು. ಕಾರಣ ಸರಳ: ನನ್ನ ಬೆಂಚಿನವಳಿಗೆ ಗೊತ್ತಿರೋದು ನನಗೂ ಗೊತ್ತಿರುತ್ತೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನ ಲಿಂಕ್ಡ್‌ಇನ್‌ನಲ್ಲೇ, ಸುಮಾರು 2 ಕೋಟಿ ಜನರ ಮೇಲೆ ಪರೀಕ್ಷಿಸಿತು. ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ಮಧ್ಯದವರೇ ಹೆಚ್ಚು ಉಪಯೋಗಕ್ಕೆ ಬಂದ್ರು. ಇಬ್ಬರಿಗೂ ಸುಮಾರು ಹತ್ತು ಜನ ಕಾಮನ್ ಪರಿಚಯಸ್ಥರು ಇರೋವಂಥವರು. ನಮ್ಮ ಲೆಕ್ಕದಲ್ಲಿ ಇವರು ಯಾರು? ಸೀನಿಯರ್‌ಗಳ ಸೀನಿಯರ್‌ಗಳು, ಅವರ ಟೀಮಿನವರು. ಅಪ್ಪನ ಅಂಗಡಿಗೆ ಬರೋ ಗಿರಾಕಿಗಳೂ ಇದೇ ಜಾತಿ, ಆದರೆ ಅವರಿಗೆ ಪ್ರೊಫೈಲ್ ಫೋಟೋ ಇಲ್ಲ!

ಸರಿ, ಅವರನ್ನ ಏನಂತ ಕೇಳೋದು? "ಸರ್, ಇಂಟರ್ನ್‌ಶಿಪ್ ಇದ್ಯಾ?" ಅಂತ ನಾನು ಕಳಿಸಿದ ಮೂವತ್ತು ಮೆಸೇಜಲ್ಲಿ ಒಂದಕ್ಕೂ ಉತ್ತರ ಬರಲಿಲ್ಲ. ಬಂದಿದ್ದು ಬೇರೆ ತರದ ಪ್ರಶ್ನೆಗೆ.

ಅಂಗಡಿಗೆ ಬಾಡಿಗೆ ಕರಾರು, ಸಂಘದ ನೋಟಿಸ್ ಅಂತ ಪೆನ್‌ಡ್ರೈವಲ್ಲಿ ಹಳೇ ನುಡಿ ಫೈಲ್ ತರ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ಎಲ್ಲಾ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ. ಅದನ್ನ ಯೂನಿಕೋಡ್ ಮಾಡೋ ಪರಿವರ್ತಕಗಳು ಆಗಲೇ ಇವೆ. ಆದ್ರೂ ಕಲಿಯೋಕೆ ಅಂತ ಪೈಥಾನ್‌ನಲ್ಲಿ ನಾನೂ ಒಂದು ಬರೆದೆ. ಅರ್ಕಾವತ್ತು ಕೈಕೊಟ್ಟಿತು. ಹಳೇ ನುಡಿಯಲ್ಲಿ ಅದರ ಚಿಹ್ನೆ ಅಕ್ಷರದ ನಂತರ ಇರುತ್ತೆ, ಯೂನಿಕೋಡಲ್ಲಿ 'ರ್' ಮೊದಲು ಬರಬೇಕು. ನನ್ನ ಪ್ರೋಗ್ರಾಮ್ 'ಸೂರ್ಯ'ನನ್ನ 'ಸೂಯರ್' ಮಾಡ್ತಿತ್ತು. ಕೋಡನ್ನ ಗಿಟ್‌ಹಬ್‌ಗೆ ಹಾಕಿ, ತಪ್ಪಿನ ಚಿತ್ರದ ಜೊತೆ ಲಿಂಕ್ಡ್‌ಇನ್‌ನಲ್ಲಿ ಬರೆದೆ: ಏನು ಮಾಡ್ತಿದೀನಿ, ಎಲ್ಲಿ ಸಿಕ್ಕಿಹಾಕಿಕೊಂಡಿದೀನಿ, ಇಷ್ಟೇ.

9 ಲೈಕ್ ಬಂತು. ಆದರೆ ಸೀನಿಯರ್ ಅಕ್ಕ ಒಬ್ಬರ ಟೀಮಿನವರು ಕೋಡ್ ಓದಿ, ಬರೀ ಒಂದು ವ್ಯಂಜನ ನೋಡಿದ್ರೆ ಸಾಲದು, ಒತ್ತು ಸಮೇತ ಇಡೀ ಅಕ್ಷರದ ಹಿಂದೆ 'ರ್' ಕೂರಿಸಬೇಕು ಅಂತ ತೋರಿಸಿಕೊಟ್ರು. ಟೆಸ್ಟ್ ಬರಿ ಅಂತ ಬೈದ್ರು ಕೂಡ. ರಜೆಯಲ್ಲಿ ಆಫೀಸಿಗೆ ಬಾ, ನೋಡೋಣ ಅಂದಿದ್ದಾರೆ. ಇಂಟರ್ನ್‌ಶಿಪ್ ಇನ್ನೂ ಸಿಕ್ಕಿಲ್ಲ.

ಇದೇನೂ ಹೊಸ ವಿದ್ಯೆ ಅಲ್ಲ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ಯೂಸ್‌ನೆಟ್ ಅನ್ನೋ ಆಗಿನ ಚರ್ಚಾಜಾಲದಲ್ಲಿ, ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಮಾಡ್ತಿದೀನಿ, ನಿಮಗೆ ಏನೇನು ಬೇಕು ಅಂತ ಕೇಳಿದ್ದ. ಅದೇ ಮುಂದೆ ಲಿನಕ್ಸ್ ಆಯ್ತು.

212 ಲೈಕಿನ ಪೋಸ್ಟನ್ನ ನಾನು ಡಿಲೀಟ್ ಮಾಡಲಿಲ್ಲ. ಅದರ ಕೆಳಗೇ ನಡೆದಿದ್ದನ್ನೆಲ್ಲ ಬರೆದೆ, ದುಡ್ಡು ಕಳಕೊಂಡ ಇಬ್ಬರಿಗೆ ಮುಖತಃ ಸಾರಿ ಕೇಳಿದೆ. ಒಬ್ಬಳು ಇನ್ನೂ ಸರಿಯಾಗಿ ಮಾತಾಡಲ್ಲ.

ಅಂದ ಹಾಗೆ, ನಿಮ್ಮನೇಲಿ ಹಳೇ ನುಡಿ ಫೈಲ್ ಇದ್ರೆ ಕ್ಲಬ್ಬಿಗೆ ತಂದುಕೊಡಿ. ಟೆಸ್ಟ್ ಮಾಡೋಕೆ ಬೇಕು.